ಡೀಸೆಲ್ ಪಿಕಪ್ ಕೂಲೆಂಟ್: ಮ್ಯಾನುವಲ್‌ನಲ್ಲಿ 10 ಲೀಟರ್, ಹೊರಗೆ ಬಂದಿದ್ದು 6. ಉಳಿದ 4 ಎಲ್ಲಿ?

ಹಳೇ ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನದು ಡೀಸೆಲ್ ಪಿಕಪ್, ದಿನಾ ಲೋಡ್ ಹೊರುವ ಗಾಡಿ. ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಬದಲಾಯಿಸಿ ಎಷ್ಟು ವರ್ಷವಾಯಿತೋ ಗೊತ್ತಿಲ್ಲ, ಹಿಂದಿನ ಮಾಲೀಕರು ಏನೂ ಬರೆದಿಟ್ಟಿಲ್ಲ. ನಿನ್ನೆ ಇಂಜಿನ್ ತಣ್ಣಗಿದ್ದಾಗ ಕ್ಯಾಪ್ ತೆಗೆದು ನೋಡಿದರೆ ಹಸಿರೂ ಅಲ್ಲ ಕೆಂಪೂ ಅಲ್ಲ, ತುಕ್ಕು ನೀರಿನ ಬಣ್ಣ. ಸರಿ, ಮನೆಯಲ್ಲೇ ಬದಲಾಯಿಸೋಣ ಅಂತ ರೇಡಿಯೇಟರ್ ಕೆಳಗಿನ ಡ್ರೈನ್ ಬಿಚ್ಚಿ ಟಬ್ ಇಟ್ಟೆ. ಕೆಳಗಿನ ಗಾರ್ಡ್ ತೆಗೆಯದೇ ಬಿಚ್ಚಿದ್ದರಿಂದ ಸ್ವಲ್ಪ ಹೊತ್ತು ಗಾರ್ಡ್ ಮೇಲೆಲ್ಲ ಹರಿದು ಎಲ್ಲೆಲ್ಲೋ ತೊಟ್ಟಿಕ್ಕಿತು, ಆಮೇಲೆ ಗಾರ್ಡ್ ತೆಗೆದು ಸರಿಮಾಡಿಕೊಂಡೆ.

ಎಲ್ಲ ಸೇರಿಸಿ ಅಳೆದರೆ 6 ಲೀಟರ್. ಮ್ಯಾನುವಲ್‌ನಲ್ಲಿ ಒಟ್ಟು 10 ಲೀಟರ್ ಅಂತ ಇದೆ. ಒಂದು ಗಂಟೆ ಬಿಟ್ಟರೂ ಇನ್ನೊಂದು ಹನಿ ಬರಲಿಲ್ಲ. ಚೆಲ್ಲಿದ್ದು ಹೆಚ್ಚೆಂದರೆ ಒಂದು ಲೋಟ. ಲೆವೆಲ್ ಮೊದಲು ಸರಿಯಾಗಿಯೇ ಇತ್ತು.

ಹಾಗಾದರೆ ಉಳಿದ 4 ಲೀಟರ್ ಎಲ್ಲಿ? ಈಗ 6 ಲೀಟರ್ ರೆಡಿ ಮಿಕ್ಸ್ (ಅರ್ಧ ನೀರು ಬೆರೆಸಿಯೇ ಬರುವ ಕೂಲೆಂಟ್) ತಂದು ಸುರಿದರೆ ಆಯ್ತಾ? ಒಬ್ಬರು ಯಾವ ಬಣ್ಣ ಹಾಕಿದರೂ ನಡೆಯುತ್ತದೆ ಅಂದರು, ಇನ್ನೊಬ್ಬರು ಬರೀ ನೀರು ಸಾಕು ಅಂದರು. ಇಂಥ ಕೆಲಸ ಮಾಡುತ್ತಿರುವುದು ಇದೇ ಮೊದಲು. ತಪ್ಪು ಮಾಡಿ ಇಂಜಿನ್ ಕಳೆದುಕೊಳ್ಳುವುದು ಬೇಡ ಅಂತ ಕೇಳುತ್ತಿದ್ದೇನೆ.

ಸ್ಪ್ಯಾನರ್ 14:

ಅಳೆದು ನೋಡಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಜಾಸ್ತಿ ಜನ ಅಳೆಯುವುದೇ ಇಲ್ಲ.

ಆ 4 ಲೀಟರ್ ಎಲ್ಲೂ ಹೋಗಿಲ್ಲ. ಇಂಜಿನ್ ಬ್ಲಾಕ್ ಒಳಗೆ, ಹೀಟರ್ ಕೋರ್‌ನಲ್ಲಿ (ಕ್ಯಾಬಿನ್‌ಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್), ಅದರ ಹೋಸ್‌ಗಳಲ್ಲಿ ನಿಂತಿದೆ. ಥರ್ಮೋಸ್ಟಾಟ್, ಅಂದರೆ ಬಿಸಿಯಾದ ಮೇಲಷ್ಟೇ ತೆರೆಯುವ ವಾಲ್ವ್, ತಣ್ಣಗಿದ್ದಾಗ ಮುಚ್ಚಿರುತ್ತದೆ, ಬ್ಲಾಕ್‌ನ ತಳ ರೇಡಿಯೇಟರ್ ಡ್ರೈನ್‌ಗೆ ಹರಿದು ಬರುವ ಹಾಗಿಲ್ಲ. ಈಗ ಹೊಸದು 6 ಲೀಟರ್ ಸುರಿದರೆ ಹತ್ತರಲ್ಲಿ ನಾಲ್ಕು ಪಾಲು ಅದೇ ತುಕ್ಕು ನೀರು ಉಳಿಯುತ್ತದೆ. ಹೊಸ ಕೂಲೆಂಟ್ ಹಾಳು.

ತೊಳೆಯಬೇಕು. ಡ್ರೈನ್ ಮುಚ್ಚಿ 6 ಲೀಟರ್ ನೀರು ತುಂಬಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಇಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆಯುವವರೆಗೆ ಓಡಬೇಕು, ಮೇಲಿನ ಹೋಸ್ ಬಿಸಿಯಾಯಿತು ಅಂದರೆ ತೆರೆಯಿತು ಅಂತ. ಇಲ್ಲಿ ಡೀಸೆಲ್‌ನ ಒಂದು ಗುಣ ಗೊತ್ತಿರಲಿ: ಐಡಲ್‌ನಲ್ಲಿ ಡೀಸೆಲ್ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ಅರ್ಧ ಗಂಟೆ ನಿಲ್ಲಿಸಿ ಓಡಿಸಿದರೂ ಟೆಂಪರೇಚರ್ ಮುಳ್ಳು ಕೆಳಗೇ ಇರಬಹುದು. 1500 ಆರ್‌ಪಿಎಂ ಹತ್ತಿರ ಹಿಡಿದಿಡಿ, ಇಲ್ಲಾ ಲೋಡ್ ಇಲ್ಲದೆ ಹತ್ತಿರದಲ್ಲೇ ಒಂದು ಸುತ್ತು ಹೋಗಿಬನ್ನಿ. ಆಮೇಲೆ ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಇಳಿಸಿ.

ಒಂದು ಸಲ ತೊಳೆದರೆ ಹಳೆಯದು 40 ಪರ್ಸೆಂಟ್ ಉಳಿಯುತ್ತದೆ. ಎರಡನೇ ಸಲಕ್ಕೆ 16, ಮೂರನೇ ಸಲಕ್ಕೆ 6ರ ಹತ್ತಿರ. ಮೂರು ಸಲ ಸಾಕು. ಮೊದಲ ಸಲ ನಲ್ಲಿ ನೀರು ನಡೆಯುತ್ತದೆ, ಕೊನೆಯ ಎರಡು ಸಲ ಡಿಸ್ಟಿಲ್ಡ್ ವಾಟರ್ ಹಾಕಿ. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡರೆ ಬಿಸಿ ಹೊರಗೆ ಹೋಗುವುದಕ್ಕೆ ಅದೇ ಅಡ್ಡ. ಚಳಿ ಪ್ರದೇಶವಾದರೆ ಬರೀ ನೀರು ತುಂಬಿ ರಾತ್ರಿ ಬಿಡಲೇಬೇಡಿ. ಹೆಪ್ಪುಗಟ್ಟುವಾಗ ನೀರು 9 ಪರ್ಸೆಂಟ್ ಉಬ್ಬುತ್ತದೆ, ಬ್ಲಾಕ್ ಸೀಳಿಹೋಗಬಹುದು.

ಈಗ ಮುಖ್ಯ ಲೆಕ್ಕ. ತೊಳೆದ ಮೇಲೆ ಒಳಗೆ ನಿಂತಿರುವ 4 ಲೀಟರ್ ಹೆಚ್ಚುಕಮ್ಮಿ ನೀರೇ. ಅದರ ಮೇಲೆ 6 ಲೀಟರ್ ರೆಡಿ ಮಿಕ್ಸ್ ಹಾಕಿದರೆ ಅದರಲ್ಲಿರುವ ಅಸಲಿ ಕೂಲೆಂಟ್ 3 ಲೀಟರ್ ಮಾತ್ರ, ಅಂದರೆ ಒಟ್ಟಾರೆ 30 ಪರ್ಸೆಂಟ್. ನಿಮಗೆ ಬೇಕಾದದ್ದು 50. ಹಾಗಾಗಿ ರೆಡಿ ಮಿಕ್ಸ್ ತರಬೇಡಿ, ನೀರು ಬೆರೆಸದ ಕಾನ್ಸಂಟ್ರೇಟ್ ತನ್ನಿ. ಮೊದಲು ಕಾನ್ಸಂಟ್ರೇಟ್ 5 ಲೀಟರ್ ಹಾಕಿ, ಕೊನೆಗೆ 1 ಲೀಟರ್ ಡಿಸ್ಟಿಲ್ಡ್ ವಾಟರ್. ಈ ಕ್ರಮ ತಪ್ಪಿಸಬೇಡಿ. ಮೊದಲು ನೀರು ಹಾಕಿ ಆಮೇಲೆ ಜಾಗ ಸಾಲದೇ ಹೋದರೆ ಕೂಲೆಂಟ್ ಹೊರಗೇ ಉಳಿಯುತ್ತದೆ. ಕಾನ್ಸಂಟ್ರೇಟನ್ನೇ ಪೂರ್ತಿ ತುಂಬಿದರೆ ಇನ್ನೂ ಒಳ್ಳೆಯದಲ್ವಾ ಅಂತ ಅನ್ನಿಸಬಹುದು, ಅಲ್ಲ. ಅದು ನೀರಿನಷ್ಟು ಬಿಸಿ ಹೊರುವುದಿಲ್ಲ, ಮೈನಸ್ 13 ಡಿಗ್ರಿ ಹತ್ತಿರವೇ ಗಟ್ಟಿಯಾಗುತ್ತದೆ. ಅರ್ಧಕ್ಕರ್ಧ ಇದ್ದರೆ ಮೈನಸ್ 37ರವರೆಗೆ ತಡೆಯುತ್ತದೆ.

ಡೀಸೆಲ್ ಗೆಳೆಯ:

ಸ್ಪ್ಯಾನರ್ ಅಣ್ಣ ಹೇಳಿದ ಲೆಕ್ಕ ಸರಿ. ಆದರೆ ಬ್ಲಾಕ್‌ನಲ್ಲೂ ಒಂದು ಡ್ರೈನ್ ಪ್ಲಗ್ ಇರುತ್ತದೆ, ಅದನ್ನು ಬಿಚ್ಚಿದರೆ ಇಷ್ಟು ಸಲ ತೊಳೆಯಬೇಕಾಗಿಲ್ಲ. ಜಾಗ ಯಾವುದು ಅಂತ ಮ್ಯಾನುವಲ್ ನೋಡಿ. ಹಳೇ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತದೆ. ಮೆಲ್ಲಗೆ ಪ್ರಯತ್ನಿಸಿ, ಬರಲಿಲ್ಲ ಅಂದರೆ ಬಿಟ್ಟುಬಿಡಿ. ಬಲ ಹಾಕಿ ತಲೆ ಸವೆಸಿಕೊಂಡರೆ ಅದು ಬೇರೆಯದೇ ಕೆಲಸವಾಗುತ್ತದೆ. ರೇಡಿಯೇಟರ್ ಡ್ರೈನ್ ಪ್ಲಾಸ್ಟಿಕ್ ಆಗಿದ್ದರೆ ಕೈಯಲ್ಲೇ ಮುಚ್ಚಿ, ಪ್ಲೈಯರ್ ಬೇಡ.

ಬಣ್ಣದ ವಿಷಯ. ಬಣ್ಣ ಅನ್ನುವುದು ಕಂಪನಿಯವರು ಹಾಕುವ ಡೈ, ಅಷ್ಟೇ. ಒಂದೇ ಕೆಂಪಿನಲ್ಲಿ ಬೇರೆ ಬೇರೆ ಕೆಮಿಕಲ್ ಇರುತ್ತದೆ. ಬಾಟಲಿ ಹಿಂದೆ ಬರೆದಿರುವ ಸ್ಪೆಸಿಫಿಕೇಶನ್ ಮ್ಯಾನುವಲ್‌ಗೆ ಹೊಂದುತ್ತಾ ಅಂತ ಮಾತ್ರ ನೋಡಿ. ಹೊಂದದ ಎರಡನ್ನು ಬೆರೆಸಿದರೆ ಕೆಲವು ಸಲ ಲೋಳೆ ಕಟ್ಟಿ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಬರೀ ನೀರು ಸಾಕು ಅಂದವರ ಮಾತು ದಯವಿಟ್ಟು ಕೇಳಬೇಡಿ. ಕೂಲೆಂಟ್ ಕೆಲಸ ತಣಿಸುವುದಷ್ಟೇ ಅಲ್ಲ, ಒಳಗಿನ ಲೋಹವನ್ನು ತುಕ್ಕಿನಿಂದ ಕಾಯುವುದೂ ಅದರ ಕೆಲಸ. ಕೆಲವು ಡೀಸೆಲ್ ಇಂಜಿನ್‌ಗಳಲ್ಲಿ ವೆಟ್ ಲೈನರ್ ಇರುತ್ತದೆ, ಅಂದರೆ ಸಿಲಿಂಡರ್ ಲೈನರ್‌ನ ಹೊರಮೈಗೆ ಕೂಲೆಂಟ್ ನೇರವಾಗಿ ತಾಗುತ್ತದೆ. ಒಳಗೆ ಡೀಸೆಲ್ ಉರಿದ ಏಟಿಗೆ ಲೈನರ್ ಗಂಟೆ ಹೊಡೆದ ಹಾಗೆ ನಡುಗುತ್ತದೆ. ಆ ನಡುಕಕ್ಕೆ ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತವೆ, ಒಡೆದಲ್ಲೆಲ್ಲ ಲೋಹದ ಕಣ ಕಿತ್ತುಕೊಂಡು ಹೋಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತದೆ. ಅಂಥ ಒಂದು ಲೈನರ್ ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಳಮೈ ಕನ್ನಡಿ ಥರ, ಹೊರಗೆ ಒಂದು ಬದಿಯಲ್ಲಿ ಮಾತ್ರ ಹುಳ ತಿಂದ ಮರದ ಹಾಗೆ. ಇದನ್ನು ತಡೆಯುವ ಅಂಶ ಇರುವ ಕೂಲೆಂಟ್ ಬೇಕಾ ಅಂತ ನಿಮ್ಮ ಇಂಜಿನ್‌ನ ಮ್ಯಾನುವಲ್ ಹೇಳುತ್ತದೆ. ಎಲ್ಲ ಪಿಕಪ್‌ಗೂ ಬೇಕಾಗಿಲ್ಲ.

ಇಳಿಸಿದ್ದನ್ನು ಚೆಲ್ಲುವ ಮುಂಚೆ ಬೆರಳಿನಲ್ಲಿ ಉಜ್ಜಿ ನೋಡಿ, ಆಮೇಲೆ ಕೈ ತೊಳೆದುಕೊಳ್ಳಿ. ನುಣ್ಣಗಿನ ಕೆಸರು ಸಿಕ್ಕರೆ ತುಕ್ಕು. ಮೇಲೆ ಎಣ್ಣೆ ಪೊರೆ ತೇಲುತ್ತಿದ್ದರೆ ತೊಳೆಯುವುದು ನಿಲ್ಲಿಸಿ, ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿಸಿ.

ನಿಧಾನ ಗೇರ್:

ಆ ಟಬ್ ಎಲ್ಲಿಟ್ಟಿದ್ದೀರಿ? ಮೊದಲು ಮುಚ್ಚಿಡಿ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಸಾಕು ಕಿಡ್ನಿ ಹೋಗುತ್ತದೆ. ನೆಲದಲ್ಲಿ ಬಿದ್ದದ್ದನ್ನು ಮರಳಿನಲ್ಲೋ ಹಳೇ ಬಟ್ಟೆಯಲ್ಲೋ ಹೀರಿಸಿ ತೆಗೆದುಬಿಡಿ. ಮಗುವೋ ನಾಯಿಯೋ ಬಾಯಿಗೆ ಹಾಕಿಕೊಂಡಿತು ಅಂತ ಅನುಮಾನ ಬಂದರೂ ಲಕ್ಷಣ ಕಾಣಲಿ ಅಂತ ಕಾಯದೇ ಡಾಕ್ಟರ ಹತ್ತಿರ ಓಡಬೇಕು. ಹಳೆಯದನ್ನು ಕ್ಯಾನ್‌ಗೆ ತುಂಬಿ, ಮೇಲೆ ಹೆಸರು ಬರೆದು, ಹಳೇ ಆಯಿಲ್ ತೆಗೆದುಕೊಳ್ಳುವವರು ಇದನ್ನೂ ತೆಗೆದುಕೊಳ್ಳುತ್ತಾರಾ ಕೇಳಿ. ಚರಂಡಿಗಾಗಲಿ ಮಣ್ಣಿಗಾಗಲಿ ಬೇಡ.

ಇನ್ನೊಂದು, ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಕೈ ಹಾಕುವ ಮುಂಚೆ ಬ್ಯಾಟರಿ ವೈರ್ ತೆಗೆಯಿರಿ. ಇಂಜಿನ್ ಆಫ್ ಆಗಿದ್ದರೂ ಅದು ತಾನಾಗಿ ತಿರುಗಬಹುದು.

ಹಳೇ ಪಿಕಪ್:

ಟಬ್ ಮುಚ್ಚಿ ಒಳಗಿಟ್ಟೆ, ಧನ್ಯವಾದ. ನಮ್ಮ ಮನೆಯಲ್ಲೂ ನಾಯಿ ಇದೆ, ನನಗೆ ಇದು ಹೊಳೆದೇ ಇರಲಿಲ್ಲ.

ಬ್ಲಾಕ್ ಪ್ಲಗ್ ಅಲ್ಲಾಡಲಿಲ್ಲ, ಬಿಟ್ಟೆ. ಎರಡು ದಿನದಲ್ಲಿ ಮೂರು ಸಲ ತೊಳೆದೆ. ಮೊದಲ ಸಲ ಬಂದಿದ್ದು ಅದೇ ಕಂದು, ಎರಡನೇ ಸಲ ತಿಳಿ, ಮೂರನೇ ಸಲದ್ದನ್ನು ಗಾಜಿನ ಲೋಟದಲ್ಲಿ ಹಿಡಿದರೆ ಆಚೆ ಬದಿಯ ಅಕ್ಷರ ಓದಬಹುದಿತ್ತು. ಎಣ್ಣೆ ಇಲ್ಲ. ಕಾನ್ಸಂಟ್ರೇಟ್ 5 ಲೀಟರ್ ನಿಧಾನವಾಗಿ ಹೋಯಿತು. ಆದರೆ 1 ಲೀಟರ್ ನೀರು ಹಿಡಿಯಲೇ ಇಲ್ಲ, ರೇಡಿಯೇಟರ್ ಕುತ್ತಿಗೆವರೆಗೆ ಬಂದು ನಿಂತಿತು. ಕ್ಯಾಪ್ ಮುಚ್ಚಿ ಸ್ಟಾರ್ಟ್ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಮುಳ್ಳು ಅರ್ಧ ದಾಟಿ ಮೇಲೆ ಹೋಗತೊಡಗಿತು, ಹೀಟರ್‌ನಿಂದ ಮಾತ್ರ ತಣ್ಣಗಿನ ಗಾಳಿ. ಭಯವಾಗಿ ಆಫ್ ಮಾಡಿದ್ದೇನೆ. ಏನು ತಪ್ಪಾಯಿತು?

ಸ್ಪ್ಯಾನರ್ 14:

ಆಫ್ ಮಾಡಿದ್ದು ಬಹಳ ಒಳ್ಳೆಯದಾಯಿತು. ಕ್ಯಾಪ್ ಈಗ ಮುಟ್ಟಬೇಡಿ. ಕ್ಯಾಪ್ ಒತ್ತಡ ಹಿಡಿದಿರುವುದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೇ ಇರುತ್ತದೆ. ತೆಗೆದ ಕ್ಷಣ ಒತ್ತಡ ಬಿದ್ದು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ನನ್ನ ಮುಂಗೈಯಲ್ಲಿ ಆ ಕಲೆ ಇನ್ನೂ ಇದೆ, ಬಟ್ಟೆ ಸುತ್ತಿಕೊಂಡೇ ತೆಗೆದಿದ್ದೆ.

ತಪ್ಪು ದೊಡ್ಡದಲ್ಲ, ಏರ್ ಲಾಕ್. ನೀವು ಇಳಿಸಿದ್ದು 6, ಹೋಗಿದ್ದು 5. ಆ 1 ಲೀಟರ್ ಜಾಗದಲ್ಲಿ ಗಾಳಿ ಕೂತಿದೆ. ಅದಕ್ಕೇ ಹೀಟರ್‌ಗೆ ಬಿಸಿ ಕೂಲೆಂಟ್ ತಲುಪುತ್ತಿಲ್ಲ.

ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಗಾಡಿಯ ಮೂತಿ ಮೇಲಾಗುವ ಹಾಗೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಕುತ್ತಿಗೆ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲೆಂಟ್ ಬಂದ ಮೇಲೆ ಬಿಗಿಮಾಡಿ. ಹೀಟರ್ ಪೂರ್ತಿ ಬಿಸಿಗೆ. ಕ್ಯಾಪ್ ತೆಗೆದಿಟ್ಟೇ ಸ್ಟಾರ್ಟ್ ಮಾಡಿ, ಮೇಲಿನ ಮತ್ತು ಕೆಳಗಿನ ಹೋಸ್‌ಗಳನ್ನು ಬಿಸಿಯಾಗುವ ಮುಂಚೆ ಕೈಯಲ್ಲಿ ಹಿಂಡುತ್ತಾ ಇರಿ. ಹಿಂಡಿದಾಗೆಲ್ಲ ಕುತ್ತಿಗೆಯಲ್ಲಿ ಗುಳುಗುಳು ಅಂತ ಗುಳ್ಳೆ ಏಳುತ್ತದೆ, ಲೆವೆಲ್ ಇಳಿಯುತ್ತದೆ. ಇಳಿದಷ್ಟು ನೀರು ಹಾಕಿ. ಥರ್ಮೋಸ್ಟಾಟ್ ತೆರೆದಾಗ ಒಮ್ಮೆಲೇ ಇಳಿಯಬಹುದು, ಕೂಡಲೇ ತುಂಬಿ ಕ್ಯಾಪ್ ಮುಚ್ಚಿ. ಉಕ್ಕಿ ಬರುವ ಹಾಗೆ ಕಂಡರೆ ಮುಖ ದೂರ ಇಟ್ಟು ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಮುಂದುವರಿಸಿ.

ಡೀಸೆಲ್ ಗೆಳೆಯ:

ಒಂದು ವಾರ ದಿನಾ ಬೆಳಿಗ್ಗೆ ಲೆವೆಲ್ ನೋಡಿ. ಮೊದಲ ಎರಡು ಮೂರು ದಿನ ಸ್ವಲ್ಪ ಇಳಿಯುವುದು ಸಹಜ, ಉಳಿದ ಗಾಳಿ ಹೊರಬರುತ್ತಿರುತ್ತದೆ. ಆಮೇಲೂ ಇಳಿಯುತ್ತಲೇ ಇದ್ದು ಹೊರಗೆಲ್ಲೂ ಸೋರುವುದು ಕಾಣದಿದ್ದರೆ ಇಜಿಆರ್ ಕೂಲರ್ (ಇಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟ್‌ನಿಂದ ತಣಿಸುವ ಭಾಗ) ಮೇಲೆ ಅನುಮಾನ ಪಡಿ, ಡೀಸೆಲ್‌ನಲ್ಲಿ ಅದು ಒಳಗೊಳಗೇ ಕುಡಿಯುತ್ತದೆ. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಕಂಡರೆ ಕ್ಯಾಪ್‌ನ ವಾಲ್ವ್ ಹೋಗಿದೆ, ಅದೇ ರೇಟಿಂಗ್‌ನ ಹೊಸ ಕ್ಯಾಪ್ ಹಾಕಿ.

ಹಳೇ ಪಿಕಪ್:

ಆಯಿತು! ಏರಿನಲ್ಲಿ ನಿಲ್ಲಿಸಿ ಹೋಸ್ ಹಿಂಡಿದ ಕೂಡಲೇ ದೊಡ್ಡ ಗುಳ್ಳೆಯೊಂದು ಬಂತು, ಲೆವೆಲ್ ಕಣ್ಣೆದುರೇ ಕೆಳಗಿಳಿಯಿತು. ನಿನ್ನೆ 700 ಎಂಎಲ್ ಹಿಡಿಯಿತು, ಇವತ್ತು ಬೆಳಿಗ್ಗೆ ಇನ್ನೂ 200. ಹೀಟರ್ ಬಿಸಿ ಬರುತ್ತಿದೆ. ಲೋಡ್ ಹಾಕಿಕೊಂಡು ಹೋಗಿಬಂದೆ, ಮುಳ್ಳು ಅರ್ಧಕ್ಕಿಂತ ಕೆಳಗೇ ನಿಂತಿತ್ತು. ತಾರೀಕು, ಕಿಲೋಮೀಟರ್, ಕೂಲೆಂಟ್‌ನ ಸ್ಪೆಸಿಫಿಕೇಶನ್ ಮೂರನ್ನೂ ಬರೆದು ಬಾನೆಟ್ ಒಳಗೆ ಅಂಟಿಸಿದ್ದೇನೆ. ಉಳಿದ 100 ಎಂಎಲ್ ನೀರಿನ ಬಾಟಲಿ ಸೀಟಿನ ಹಿಂದೆ ಇಟ್ಟಿದ್ದೇನೆ, ನಾಳೆ ಬೆಳಿಗ್ಗೆ ನೋಡುತ್ತೇನೆ.