ಮೇಗುತಿ ಗುಡ್ಡದ ಮೋರೇರ ಮನೆ ಮತ್ತು ಐರ್ಲೆಂಡಿನ ಅಜ್ಜ ಕೇಳಿದ ಪ್ರಶ್ನೆ

ಬಾದಾಮಿ ಬಾಡಿಗೆ ಕಾರು:

ಬಾದಾಮಿ, ಪಟ್ಟದಕಲ್ಲು, ಐಹೊಳೆ, ಮತ್ತೆ ಬಾದಾಮಿ. ಹದಿನಾರು ವರ್ಷದಿಂದ ನನ್ನ ಕಾರು ಸುತ್ತುತ್ತಿರುವುದು ಇದೇ ದಾರಿಯಲ್ಲಿ. ನಾನು ಗೈಡ್ ಅಲ್ಲ. ಆದರೆ ಯಾರಾದರೂ ಏನಾದರೂ ಕೇಳಿದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಗುಡಿ, ರವಿಕೀರ್ತಿಯ ಶಾಸನ, ಕ್ರಿ.ಶ. 634, ಇಮ್ಮಡಿ ಪುಲಕೇಶಿಗೆ ಸೋತ ಹರ್ಷ, ಇಷ್ಟನ್ನು ನಿದ್ದೆಯಲ್ಲಿಯೂ ಹೇಳಬಲ್ಲೆ.

ಕಳೆದ ವಾರ ಐರ್ಲೆಂಡಿನ ಒಬ್ಬ ಅಜ್ಜ ಬಂದಿದ್ದರು. ಶಾಸನದ ಮುಂದೆ ಎರಡೇ ನಿಮಿಷ ನಿಂತು, ಗುಡಿಯ ಹಿಂದಿನ ಮೋರೇರ ಮನೆಗಳ ಹತ್ತಿರ ಮುಕ್ಕಾಲು ಗಂಟೆ ಕುಳಿತರು. ನೋಡದವರಿಗೆ ಹೇಳುತ್ತೇನೆ, ಇವು ಬಹು ಹಳೆಯ ಕಾಲದ ಕಲ್ಲಿನ ಗೋರಿಗಳು: ನಿಲ್ಲಿಸಿದ ಕಲ್ಲುಚಪ್ಪಡಿಗಳು, ಮೇಲೆ ಚಪ್ಪಡಿಯದೇ ಮಾಳಿಗೆ, ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಅಜ್ಜ ಆ ಕಿಂಡಿಯಲ್ಲಿ ಇಣುಕಿ, ಡಿಸೆಂಬರಿನಲ್ಲಿ ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಕೇಳಿದರು. ಪೂರ್ವಕ್ಕೆ ಕೈ ತೋರಿಸಿದೆ. ಅವರು ನಕ್ಕು, "ಅದು ಯಾವ ತಿಂಗಳ ಪೂರ್ವ?" ಎಂದರು. ನನ್ನ ಬಾಯಿ ಕಟ್ಟಿತು.

ವಾಪಸು ಬರುವಾಗ ದಾರಿಯುದ್ದಕ್ಕೂ ತಮ್ಮ ಊರಿನ ಕಡೆಯ ನ್ಯೂಗ್ರೇಂಜ್ ಎಂಬ ಕಲ್ಲಿನ ದಿಬ್ಬದ ಕಥೆ ಹೇಳಿದರು. ವರ್ಷದ ಅತಿ ಚಿಕ್ಕ ಹಗಲಿನಂದು ಅದರ ಒಳಗಿನ ಕೋಣೆಗೆ ಸೂರ್ಯ ಬರುತ್ತಾನಂತೆ. ಅದು ದೇವರ ಮನೆಯಂತೆ, ಆ ದೇವರ ತಂದೆ ಸೂರ್ಯನನ್ನೇ ತಡೆದು ನಿಲ್ಲಿಸಿದ್ದನಂತೆ. ಇದರಲ್ಲಿ ಎಷ್ಟು ನಿಜ? ನಮ್ಮ ಮೋರೇರ ಮನೆಯ ಕಿಂಡಿಯೂ ಅದಕ್ಕೇ ಇರಬಹುದೇ? ಮುಂದಿನ ಪ್ರವಾಸಿಗರಿಗೆ ಹೇಳುವ ಮೊದಲು ತಿಳಿದುಕೊಳ್ಳಬೇಕಾಗಿದೆ.

ತಿಳಕವಾಡಿ ಅಕ್ಕ:

ತಮ್ಮಾ, ನಾನು ಬೆಳಗಾವಿಯವಳು. ನರ್ಸ್ ಕೆಲಸಕ್ಕೆಂದು ಹೋಗಿ ಆರು ವರ್ಷ ಡ್ರಾಹೆಡಾ ಎಂಬ ಊರಿನಲ್ಲಿದ್ದೆ. ನ್ಯೂಗ್ರೇಂಜ್ ಅಲ್ಲಿಗೆ ಹತ್ತಿರ, ಬೋಯ್ನ್ ನದಿಯ ದಂಡೆಯ ಮೇಲಿದೆ. ಅಜ್ಜ ಹೇಳಿದ್ದು ನಿಜ. ಕ್ರಿ.ಪೂ. 3200ರ ಸುಮಾರಿಗೆ ಕಟ್ಟಿದ್ದು. ಹತ್ತೊಂಬತ್ತು ಮೀಟರ್ ಉದ್ದದ ಕಲ್ಲಿನ ಓಣಿ, ಕೊನೆಗೆ ಕೋಣೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಒಳಚಾಚಿಸಿ ಮಾಡಿದ ಚಾವಣಿ ಐದು ಸಾವಿರ ವರ್ಷದ ಮಳೆಗೂ ಸೋರಿಲ್ಲ. (ನಮ್ಮ ಬಾಡಿಗೆ ಮನೆಯ ಸ್ಲ್ಯಾಬ್ ಮೂರನೆಯ ಮಳೆಗಾಲಕ್ಕೇ ಸೋರಿತು.)

ಸೂರ್ಯ ಒಳಗೆ ಬರುವುದು ಬಾಗಿಲಿನಿಂದಲ್ಲ, ಬಾಗಿಲಿನ ಮೇಲೆ ಬೇರೆಯಾಗಿ ಮಾಡಿದ ಕಿಂಡಿಯಿಂದ. ಓಣಿಯ ನೆಲ ಒಳಗೆ ಹೋದಂತೆ ಏರುತ್ತದೆ. ಬಾಗಿಲಿನ ಬೆಳಕು ಅರ್ಧ ದಾರಿಗೇ ನಿಲ್ಲುತ್ತದೆ, ಕಿಂಡಿಯದು ಕೋಣೆಯವರೆಗೆ ಮುಟ್ಟುತ್ತದೆ. ಸೂರ್ಯೋದಯವಾಗಿ ಸುಮಾರು ನಾಲ್ಕು ನಿಮಿಷಕ್ಕೆ ಬಂದು, ಹದಿನೇಳು ನಿಮಿಷ ಇದ್ದು ಹೋಗುತ್ತದೆ. ಉತ್ಖನನ ಮಾಡಿದ ಪ್ರೊಫೆಸರ್ ಮೈಕಲ್ ಒಕೆಲ್ಲಿ ಇದನ್ನು ಕಣ್ಣಾರೆ ಕಂಡದ್ದು 1967ರ ಡಿಸೆಂಬರ್ 21ರಂದು. ಒಳಗೆ ಬಿಸಿಲು ಬರುತ್ತದೆ ಎಂದು ಸುತ್ತಲಿನ ಜನ ಮೊದಲಿನಿಂದಲೂ ಹೇಳುತ್ತಿದ್ದರು. ಪ್ರೊಫೆಸರರು ಅದನ್ನು ಕೇಳಿಸಿಕೊಂಡರು, ಅದೇ ದೊಡ್ಡದು.

ಆ ಮುಂಜಾನೆ ಒಳಗೆ ನಿಲ್ಲಲು ಲಾಟರಿ ಎತ್ತುತ್ತಾರೆ. ನಾಲ್ಕು ವರ್ಷ ಚೀಟಿ ಹಾಕಿದೆ, ಒಮ್ಮೆಯೂ ಬರಲಿಲ್ಲ. ಕೊನೆಗೆ ಜುಲೈನಲ್ಲಿ ಟಿಕೆಟ್ ಕೊಂಡು ಹೋದೆ. ದೀಪ ಆರಿಸಿ, ಬಲ್ಬಿನ ಬೆಳಕನ್ನು ಓಣಿಯಲ್ಲಿ ಬಿಟ್ಟು ತೋರಿಸುತ್ತಾರೆ. ಬಲ್ಬು ಎಂದು ಗೊತ್ತಿದ್ದೂ ಮೈ ಜುಮ್ಮೆಂದಿತು.

ಇನ್ನು ಕಥೆ. ಆ ಮನೆ ಎಲ್ಕ್‌ಮಾರ್ ಎಂಬವನದು, ಹೆಂಡತಿ ಬೋವನ್. ದಗ್ಡಾ ದೇವ ಅವಳಿಗೆ ಮನಸೋತು, ಎಲ್ಕ್‌ಮಾರನನ್ನು ಕೆಲಸದ ನೆಪದಲ್ಲಿ ಹೊರಗೆ ಕಳಿಸಿ, ಒಂಬತ್ತು ತಿಂಗಳನ್ನು ಒಂದೇ ದಿನವಾಗಿಸಿಬಿಟ್ಟ. ಗಂಡ ಸಂಜೆ ಮರಳಿದಾಗ ಕೂಸು ಹುಟ್ಟಿಯೂ ಆಗಿತ್ತು. ಆ ಕೂಸೇ ಏಂಗಸ್. ದೊಡ್ಡವನಾದ ಮೇಲೆ ಬಂದು "ಹಗಲು ರಾತ್ರಿ ಈ ಮನೆ ನನಗಿರಲಿ" ಎಂದ. ಒಂದು ದಿನದ ಮಾತು ತಾನೇ ಎಂದು ಎಲ್ಕ್‌ಮಾರ್ ಒಪ್ಪಿದ. ಮರುದಿನ ಏಂಗಸ್ ಬಿಡಲಿಲ್ಲ: ಕಾಲವೆಲ್ಲ ಹಗಲು ರಾತ್ರಿಯೇ ಅಲ್ಲವೇ! ವಾಮನನ ಮೂರು ಹೆಜ್ಜೆ ನೆನಪಾಯಿತೇ? ಈ ಕಥೆಯನ್ನು ಅಲ್ಲಿ ಇಂಗ್ಲಿಷಿನಲ್ಲಿ ಓದಿದಾಗ "ಒಂದು ಹಗಲು, ಒಂದು ರಾತ್ರಿ" ಎಂದಿತ್ತು, ತಂತ್ರವೇ ತಲೆಗೆ ಹೋಗಲಿಲ್ಲ. ಹಳೆಯ ಐರಿಷ್ ಭಾಷೆಯಲ್ಲಿ ಆ "ಒಂದು" ಇಲ್ಲವಂತೆ. ಕನ್ನಡದಲ್ಲಿ ಹೇಳಿಕೊಂಡೆ, ತಟ್ಟನೆ ಹೊಳೆಯಿತು. "ಹಗಲು ರಾತ್ರಿ ದುಡಿದ" ಎಂದರೆ ಒಂದೇ ದಿನ ದುಡಿದ ಎಂದು ನಾವು ತಿಳಿಯುತ್ತೇವೆಯೇ?

ಬೋಯ್ನ್ ನದಿಗೆ ಹೆಸರು ಬಂದದ್ದು ಬೋವನ್‌ಳಿಂದ. ಬೋವನ್ ಎಂದರೆ ಬಿಳಿಯ ಆಕಳು. ನಾವು ಆಕಾಶಗಂಗೆ ಎನ್ನುವುದನ್ನು ಅವರು ಬಿಳಿ ಆಕಳ ಹಾದಿ ಎನ್ನುತ್ತಾರೆ. ಅವರ "ಬೋ"ಗೂ ಸಂಸ್ಕೃತದ "ಗೋ"ಗೂ ಮೂಲ ಒಂದೇ.

ಗೋಳಗುಮ್ಮಟದ ನೆರಳು:

ಮೂಲ ಒಂದೇ ಎಂದ ಮೇಲೆ ಮುಗಿಯಿತಲ್ಲ! ಕಲ್ಲಿನ ವಿದ್ಯೆಯೂ ನಮ್ಮವರೇ ಕಲಿಸಿದ್ದು.

ನಿವೃತ್ತ ಭೌತಶಾಸ್ತ್ರ, ವಿಜಯಪುರ:

ನೆರಳಿನ ಮಹಾಶಯರೇ, ಲೆಕ್ಕ ತಿರುಗುಮುರುಗಾಗಿದೆ. ನಮ್ಮ ಕಡೆಯ ಕಲ್ಮನೆಗಳು ಕಬ್ಬಿಣ ಯುಗದವು. ನ್ಯೂಗ್ರೇಂಜ್ ಅವುಗಳಿಗಿಂತ ಸುಮಾರು ಎರಡು ಸಾವಿರ ವರ್ಷ ಹಿರಿಯದು. ಇನ್ನೂ ಹುಟ್ಟದವರು ಯಾರಿಗೆ ಏನು ಕಲಿಸುತ್ತಾರೆ?

ಅಕ್ಕನವರ ಕಥೆಗೂ ಒಂದು ಎಚ್ಚರಿಕೆ. ಅದು ಬರಹಕ್ಕೆ ಇಳಿದದ್ದು ಮಧ್ಯಯುಗದಲ್ಲಿ, ಕ್ರೈಸ್ತ ಮಠಗಳ ಪ್ರಭಾವದಲ್ಲಿ. ದಿಬ್ಬ ಕಟ್ಟಿದಾಗ ಐರಿಷ್ ಭಾಷೆ ಆ ನೆಲಕ್ಕೆ ಬಂದೇ ಇರಲಿಲ್ಲ. ನಡುವೆ ನಾಲ್ಕು ಸಾವಿರ ವರ್ಷ. ಕಟ್ಟಿದವರ ನೆನಪೇ ಕಥೆಯಾಯಿತು ಎನ್ನಲು ಧೈರ್ಯ ಸಾಲದು, ಪಕ್ಕದ ಡೌತ್ ದಿಬ್ಬದ ಕಥೆ ಎಷ್ಟೇ ಆಸೆ ಹುಟ್ಟಿಸಿದರೂ. ಅಲ್ಲಿ ಒಬ್ಬ ರಾಜ ಆಕಾಶಕ್ಕೆ ಮುಟ್ಟುವ ಗೋಪುರ ಕಟ್ಟಿಸುತ್ತಾನೆ. ಆಳುಗಳು ಒಪ್ಪುವುದು ಒಂದೇ ದಿನಕ್ಕೆ. ತಂಗಿ ಮಂತ್ರ ಹಾಕಿ ಸೂರ್ಯನನ್ನು ನಿಲ್ಲಿಸುತ್ತಾಳೆ. ಅಣ್ಣ ತಂಗಿಯನ್ನೇ ಕೂಡುತ್ತಾನೆ, ಮಂತ್ರ ಮುರಿಯುತ್ತದೆ, ಕತ್ತಲು ಕವಿಯುತ್ತದೆ. ಡೌತ್‌ನ ಹಳೆಯ ಹೆಸರಿನ ಅರ್ಥವೇ ಕತ್ತಲು. ಅದೇ ಚಿಕ್ಕ ಹಗಲಿನ ಸೂರ್ಯಾಸ್ತದ ಬಿಸಿಲು ಆ ದಿಬ್ಬದೊಳಗೆ ಬೀಳುತ್ತದೆ. ಇನ್ನೊಂದು ಸಂಗತಿ: ನ್ಯೂಗ್ರೇಂಜ್ ಕೋಣೆಯಲ್ಲಿ ಮೂಳೆ ಸಿಕ್ಕ ಆ ಕಾಲದ ಒಬ್ಬ ಗಂಡಸಿನ ತಂದೆತಾಯಿ ಒಡಹುಟ್ಟಿದವರೋ ಅಷ್ಟೇ ಹತ್ತಿರದ ರಕ್ತಸಂಬಂಧಿಗಳೋ ಆಗಿದ್ದರು ಎಂದು 2020ರಲ್ಲಿ ಡಿಎನ್‌ಎ ಹೇಳಿತು. ನಾನೂ ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಆದರೂ ಸೇತುವೆಯ ಎರಡು ತುದಿ ಕಂಡ ಮಾತ್ರಕ್ಕೆ ಸೇತುವೆ ಇದೆ ಎಂದಾಗದು.

ನನಗೆ ಹೊಳೆಯುವುದು ಬೇರೆ. ಅತಿ ಚಿಕ್ಕ ಹಗಲಿನ, ಅಂದರೆ ಅಯನದ, ಸುಮಾರಿನ ಒಂದು ವಾರ ಸೂರ್ಯ ಹುಟ್ಟುವ ಜಾಗ ಕಣ್ಣಿಗೆ ಕದಲುವುದಿಲ್ಲ. ನ್ಯೂಗ್ರೇಂಜ್‌ಗೂ ಕೆಲವು ದಿನ ಬೆಳಕು ಬರುತ್ತದೆ, ಒಂದೇ ದಿನವಲ್ಲ. ದಿನಾ ದಿಗಂತ ನೋಡುವ ರೈತ ಯಾವ ಕಾಲದವನಾದರೂ ಸೂರ್ಯ ನಿಂತ ಎಂದೇ ಹೇಳುತ್ತಾನೆ. ಅದಕ್ಕೆ ನಾಲ್ಕು ಸಾವಿರ ವರ್ಷದ ನೆನಪು ಬೇಕಿಲ್ಲ.

ಚಾಲಕ ಮಿತ್ರರೇ, ಈಗ "ಯಾವ ತಿಂಗಳ ಪೂರ್ವ" ಎಂಬುದಕ್ಕೆ ಬರೋಣ. ಬಾಗಲಕೋಟೆ ಜಿಲ್ಲೆಯಲ್ಲಿ ಡಿಸೆಂಬರ್ 21ರ ಸೂರ್ಯ ನೇರ ಪೂರ್ವದಿಂದ ಸುಮಾರು 24.5 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ, ಅಂದರೆ ಎರಡೂವರೆ ಮುಷ್ಟಿ. ನ್ಯೂಗ್ರೇಂಜ್‌ನಲ್ಲಿ ನಾಲ್ಕು ಮುಷ್ಟಿಗೂ ಹೆಚ್ಚು. ಅಲ್ಲಿ ಆ ದಿನದ ಹಗಲು ಏಳೂವರೆ ಗಂಟೆ, ನಮ್ಮಲ್ಲಿ ಸುಮಾರು ಹನ್ನೊಂದು. ಅವರಿಗೆ ಸೂರ್ಯ ಮರಳಿ ಬರುತ್ತಾನೋ ಇಲ್ಲವೋ ಎಂಬ ಅಳುಕು. ನಾವೋ ಬಿಸಿಲಿಗೆ ಬಾಗಿಲು ಹಾಕಿಕೊಳ್ಳುವ ಜನ. ಆದ್ದರಿಂದ ಅಳೆಯದೆ ಮೋರೇರ ಮನೆಗೆ ಸೂರ್ಯನನ್ನು ಕರೆತರಬೇಡಿ.

ಅಳೆಯಲು ಮೊಬೈಲ್ ದಿಕ್ಸೂಚಿ ನಂಬಬೇಡಿ. ಸಮತಟ್ಟಾದ ಹಲಗೆಗೆ ಮೊಳೆ ನೆಟ್ಟಗೆ ಹೊಡೆದು, ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ ಪಶ್ಚಿಮ. ನೆರಳಿನಿಂದ ದಿಕ್ಕು ಅಳೆಯುವ ನಮ್ಮ ಹಿರಿಯರ ಶಂಕು ಇದೇ. ಹೆಮ್ಮೆ ಬೇಕಿದ್ದರೆ ಇದರ ಬಗ್ಗೆ ಪಡಬಹುದು.

ಬಾದಾಮಿ ಬಾಡಿಗೆ ಕಾರು:

ಮಾಸ್ತರರೇ, ಅಕ್ಕಾವರೇ, ನಮಸ್ಕಾರ. ನಿಮ್ಮ ಮಾತು ಬರುವ ಮೊದಲೇ ಮೊಬೈಲ್ ಹಿಡಿದು ಗುಡ್ಡ ಹತ್ತಿಯಾಗಿತ್ತು. ಒಂದೇ ಕಿಂಡಿ ಮೂರು ಸಲಕ್ಕೆ ಮೂರು ದಿಕ್ಕು ತೋರಿಸಿತು. ಆಮೇಲೆ ನೋಡಿದರೆ ಮೊಬೈಲ್ ಕವರಿಗೆ ಅಯಸ್ಕಾಂತದ ಗುಂಡಿ ಇತ್ತು.

ಹಲಗೆ, ಮೊಳೆ ಮಾಡಿದೆ. ಮೊದಲ ದಿನ ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಬಂದು ಹಲಗೆಯನ್ನು ಸರಿಸಿಬಿಟ್ಟಳು. ಎರಡನೆಯ ದಿನ ಗೆರೆ ಸಿಕ್ಕಿತು. ಮುಂಜಾನೆ ಎದ್ದು ಮುಷ್ಟಿ ಹಿಡಿದೆ: ಎರಡೂವರೆ, ಸರಿಯಾಗಿ ಪಕ್ಕದ ಮನೆಯ ಕರಿಯ ನೀರಿನ ಟ್ಯಾಂಕಿನ ಮೇಲೆ. ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. ಅವಳು ಮೆಣಸಿನಕಾಯಿಯಿಂದ ತಲೆ ಎತ್ತಲಿಲ್ಲ. "ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲುವಾಗ ಅವನು ಟ್ಯಾಂಕಿನ ಕಡೆ, ಕಾರಹುಣ್ಣಿಮೆಗೆ ಬೇವಿನ ಗಿಡದ ಕಡೆ. ನಡುವೆ ಅತ್ತಿತ್ತ ತಿರುಗುತ್ತಾನೆ" ಎಂದಳು. ಬೇವಿನ ಗಿಡ ಟ್ಯಾಂಕಿನಿಂದ ಎಡಕ್ಕೆ ಐದು ಮುಷ್ಟಿ.

ಡೌತ್ ಕಥೆಯನ್ನು ಮಕ್ಕಳಿದ್ದ ಕಾರಿನಲ್ಲಿ ಹೇಳುವುದಿಲ್ಲ. ಏಂಗಸ್‌ನ ಕಥೆಯನ್ನು ಆಗಲೇ ಎರಡು ಸಲ ಹೇಳಿದೆ.

ಗುಡ್ಡದ ಅಳತೆ ಬಾಕಿ ಇದೆ. ಈ ವಾರ ಸೂರ್ಯ ಹೇಗೂ ಕದಲುವುದಿಲ್ಲವಲ್ಲ, ಭಾನುವಾರ ಹಲಗೆ ಹಿಡಿದು ಹೋಗುತ್ತೇನೆ. ಕಲ್ಲನ್ನು ಮುಟ್ಟದೆ ಹೊರಗಿನಿಂದಲೇ ಅಳೆಯುವುದು. ಮಾಸ್ತರರು ಬರುವುದಾದರೆ ಬಾಗಲಕೋಟೆಯ ಬಸ್ ನಿಲ್ದಾಣಕ್ಕೆ ಬಂದು ಕರೆದುಕೊಳ್ಳುತ್ತೇನೆ. ಬಾಡಿಗೆ ಬೇಡ, ಡೀಸೆಲ್ ಹಂಚಿಕೊಂಡರೆ ಸಾಕು. ರೊಟ್ಟಿ, ಶೇಂಗಾ ಚಟ್ನಿ ಅವ್ವ ಕಟ್ಟಿಕೊಡುತ್ತಾಳೆ.