ಒಂದು ಬಾಟಲಿ ಸಮುದ್ರದ ನೀರಿನಿಂದ ಅಲ್ಲಿ ಯಾವ್ಯಾವ ಮೀನಿದೆ ಅಂತ ಗೊತ್ತಾಗುತ್ತಾ?

ಕೇಳಿದವರು: ಮರವಂತೆ_ಅಲೆ
ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡುತ್ತಿದ್ದೇನೆ. ಜಪಾನಿನ ಮೈಜುರು ಕೊಲ್ಲಿಯಲ್ಲಿ ಒಂದೇ ದಿನ 47 ಕಡೆ ನೀರು ತುಂಬಿಕೊಂಡು, ಅದರಲ್ಲಿದ್ದ ಡಿಎನ್‌ಎ ನೋಡಿ 128 ಜಾತಿ ಮೀನು ಗುರುತಿಸಿದರಂತೆ, 2017ರ ಅಧ್ಯಯನ. ಬಲೆ ಹಾಕಿಲ್ಲ, ಒಂದು ಮೀನೂ ಹಿಡಿದಿಲ್ಲ. ಹಾಗಾದರೆ ನಮ್ಮ ಕರಾವಳಿಯಲ್ಲಿ ಬಂಗುಡೆ, ಬೂತಾಯಿ ಎಷ್ಟಿದೆ ಅಂತಲೂ ಹೀಗೇ ಲೆಕ್ಕ ಹಾಕಬಹುದಲ್ವಾ?

ಲ್ಯಾಬ್_ಕಿಟಕಿ:
ಯಾವುದು ಇದೆ ಅಂತ ಹೇಳಬಹುದು, ಎಷ್ಟಿದೆ ಅಂತ ಹೇಳೋದು ಕಷ್ಟ. ಮೀನು ಓಡಾಡಿದ ಕಡೆಯೆಲ್ಲ ಲೋಳೆ, ಚರ್ಮದ ಚೂರು, ಹಿಕ್ಕೆ ಬಿಡುತ್ತಲೇ ಇರುತ್ತದೆ. ನೀರನ್ನು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಅದರಲ್ಲಿ ಉಳಿದ ಡಿಎನ್‌ಎ ತೆಗೆದು, ಮೀನುಗಳ 12ಎಸ್ ಅನ್ನೋ ಜೀನಿನ ಸುಮಾರು 170 ಡಿಎನ್‌ಎ ಅಕ್ಷರದ ತುಂಡನ್ನು ಪಿಸಿಆರ್‌ನಲ್ಲಿ (ಒಂದು ತುಂಡಿನಿಂದ ಲಕ್ಷಾಂತರ ಪ್ರತಿ ಮಾಡುವ ವಿಧಾನ) ಹೆಚ್ಚಿಸಿ, ಅದನ್ನು ಓದಿ ಡೇಟಾಬೇಸ್ ಜೊತೆ ಹೋಲಿಸುತ್ತಾರೆ. ಇದಕ್ಕೆ ಮಿಫಿಶ್ ಅನ್ನೋ ಪ್ರೈಮರ್‌ಗಳಿವೆ, ಅಂದರೆ ಯಾವ ತುಂಡನ್ನು ಹೆಚ್ಚಿಸಬೇಕು ಅಂತ ಗುರುತು ಹಿಡಿಯುವ ಚಿಕ್ಕ ಡಿಎನ್‌ಎ ತುಣುಕುಗಳು. 2015ರಲ್ಲಿ ಅವನ್ನು ಒಕಿನಾವಾದ ಅಕ್ವೇರಿಯಂ ತೊಟ್ಟಿಗಳಲ್ಲಿ ಪರೀಕ್ಷಿಸಿದಾಗ 180 ಜಾತಿಗಳಲ್ಲಿ 168 ಸಿಕ್ಕವು. ತೊಟ್ಟಿಯಲ್ಲಿ ಏನಿದೆ ಅಂತ ಮೊದಲೇ ಗೊತ್ತಿದ್ದದ್ದರಿಂದ ನನಗೆ ಈ ಪರೀಕ್ಷೆ ತುಂಬ ಇಷ್ಟ.
ಆದರೆ ಪಿಸಿಆರ್ ಎಲ್ಲ ಜಾತಿಯನ್ನೂ ಒಂದೇ ಸಮ ಹೆಚ್ಚಿಸಲ್ಲ. ಡೇಟಾಬೇಸ್‌ನಲ್ಲಿ ಇಲ್ಲದ ಮೀನಿಗೆ ಸರಿಯಾದ ಹೆಸರೂ ಸಿಗಲ್ಲ. ಮೈಜುರುವಿನಲ್ಲೇ 14 ವರ್ಷ ಮುಳುಗಿ ನೋಡಿ ಮಾಡಿದ ಪಟ್ಟಿಯ ಎಷ್ಟೋ ಮೀನು ಆ ನೀರಿನಲ್ಲಿ ಸಿಗಲಿಲ್ಲ.

ದಕ್ಕೆ_ಮನೆ:
ನಮ್ಮದು ಮೀನಿನ ವ್ಯಾಪಾರದ ಮನೆ, ಅದಕ್ಕೇ ಹೇಳುತ್ತಿದ್ದೇನೆ. ದಕ್ಕೆ (ದೋಣಿಯಿಂದ ಮೀನು ಇಳಿಸುವ ಜಾಗ) ಹತ್ತಿರ ನೀರು ತೆಗೆದರೆ ಐಸ್ ನೀರು, ತೊಳೆದ ನೀರು, ಕತ್ತರಿಸಿ ಬಿಸಾಡಿದ್ದು, ಎಲ್ಲ ಅದರಲ್ಲೇ ಇರುತ್ತದೆ. ದೂರದ ಕಡಲಲ್ಲಿ ಹಿಡಿದ ಅಂಜಲ್ ಕೂಡ ಇಲ್ಲೇ ಈಜುತ್ತಿದೆ ಅಂತ ಬರಲ್ವಾ?

ಲ್ಯಾಬ್_ಕಿಟಕಿ:
ಖಂಡಿತ ಬರುತ್ತದೆ! ಅದೇ ಮೈಜುರುವಿನಲ್ಲಿ ಮೀನಿನ ಸಗಟು ಮಾರುಕಟ್ಟೆ ಹತ್ತಿರ ಒಂದು ಜಾತಿಯ ಡಿಎನ್‌ಎ ತುಂಬ ಜಾಸ್ತಿ ಸಿಕ್ಕಿತ್ತು.

ಮರವಂತೆ_ಅಲೆ:
ಹಾಗಾದರೆ ಸಮುದ್ರದ ಆರೋಗ್ಯ ನೋಡೋಕೆ ಇದು ಹೇಗೆ ಉಪಯೋಗ?

ಲ್ಯಾಬ್_ಕಿಟಕಿ:
ಒಂದು ಸಲ ನೋಡಿದರೆ ಹೆಚ್ಚು ಉಪಯೋಗ ಇಲ್ಲ. ಸಮುದ್ರದಲ್ಲಿ ಡಿಎನ್‌ಎ ಸಾಮಾನ್ಯವಾಗಿ ಕೆಲವು ಗಂಟೆಯಿಂದ ಕೆಲವು ದಿನದಲ್ಲಿ ಹಾಳಾಗುತ್ತದೆ, ಹಾಗಾಗಿ ಅದು ಹೇಳೋದು ಇತ್ತೀಚಿನ ಸುದ್ದಿ. ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ, ವರ್ಷ ವರ್ಷ ತೆಗೆದರೆ ಯಾವ ಜಾತಿ ಕಾಣೆಯಾಗುತ್ತಿದೆ, ಯಾವುದು ಹೊಸದಾಗಿ ಬಂತು ಅಂತ ಗೊತ್ತಾಗುತ್ತದೆ. ಹಡಗಿನ ಜೊತೆ ಬರುವ ಹೊರಗಿನ ಚಿಪ್ಪುಜೀವಿಗಳನ್ನು ಬಂದರಿನಲ್ಲಿ ಬೇಗ ಪತ್ತೆ ಮಾಡೋಕೆ ಇದು ಒಳ್ಳೆಯ ದಾರಿ. ಮೀನಿನ ವಯಸ್ಸು, ಗಾತ್ರ, ಮೊಟ್ಟೆ ಇದೆಯಾ ಅನ್ನೋದಕ್ಕೆ ಮೀನನ್ನೇ ನೋಡಬೇಕು.
ನೀವು ಪ್ರಾಜೆಕ್ಟ್ ಮಾಡೋದಾದರೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೆಗೆಯಿರಿ, ದಕ್ಕೆಯಿಂದ ದೂರ. ಪ್ರತಿ ಸಲ ಶುದ್ಧ ನೀರಿನ ಒಂದು ಬಾಟಲಿಯನ್ನೂ ದೋಣಿಯಲ್ಲಿ ಒಯ್ದು ಸೋಸಿ. ಆ ಶುದ್ಧ ನೀರಿನಲ್ಲೂ ಬಂಗುಡೆ ಡಿಎನ್‌ಎ ಬಂದರೆ, ಆ ದಿನದ ಬಂಗುಡೆ ಫಲಿತಾಂಶ ನಂಬಬೇಡಿ.