ಅಪ್‌ಡೇಟ್: ಕ್ರಯಪತ್ರ ಕಳೆದ ಬ್ಯಾಂಕಿನಿಂದ ಪರಿಹಾರ ಬಂತು, ನನ್ನ ಲೆಕ್ಕ ಮಾತ್ರ ತಪ್ಪಿತ್ತು

ಗೃಹಸಾಲವನ್ನು ಪೂರ್ತಿ ತೀರಿಸಿದ ಮೇಲೂ ಮೂಲ ಕ್ರಯಪತ್ರವನ್ನು ಹಿಂದಿರುಗಿಸದೆ, ಕೊನೆಗೆ ‘ಕಳೆದುಹೋಗಿದೆ’ ಎಂದುಬಿಟ್ಟ ಬ್ಯಾಂಕಿನಿಂದ ಪರಿಹಾರ ಪಡೆಯುವುದು ಹೇಗೆಂದು ಕೆಲವು ದಿನಗಳ ಹಿಂದೆ ಇಲ್ಲಿ ಕೇಳಿದ್ದೆ; ಹಲವರು ಸಲಹೆ ಕೊಟ್ಟಿದ್ದರು. ನಿನ್ನೆ ಖಾತೆಗೆ 70,000 ರೂಪಾಯಿ ಜಮೆಯಾಗಿದೆ.

ಶಾಖಾ ವ್ಯವಸ್ಥಾಪಕರನ್ನು ಮತ್ತೆ ಮತ್ತೆ ಕಾಣುವ ಸಲಹೆಯಿಂದ ಚಹಾ ಸಿಕ್ಕಿತೇ ಹೊರತು ಉತ್ತರ ಸಿಗಲಿಲ್ಲ. ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ನೇರವಾಗಿ ಹೋಗುವುದೂ ಸಾಧ್ಯವಾಗಲಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಉತ್ತರಕ್ಕಾಗಿ 30 ದಿನ ಕಾಯಬೇಕು. ಫಲ ಕೊಟ್ಟದ್ದು, ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ಸುತ್ತೋಲೆಯನ್ನು ಉಲ್ಲೇಖಿಸಿ ಬ್ಯಾಂಕಿನ ನೋಡಲ್ ಅಧಿಕಾರಿಗೆ (ದೂರುಗಳನ್ನು ನೋಡಿಕೊಳ್ಳುವವರು) ಪತ್ರ ಬರೆಯಿರಿ ಎಂದವರ ಸಲಹೆ. ಆ ಸುತ್ತೋಲೆಯಂತೆ, ಸಾಲ ತೀರಿದ 30 ದಿನಗಳೊಳಗೆ ಆಸ್ತಿಪತ್ರಗಳನ್ನು ಮರಳಿಸದಿದ್ದರೆ, ವಿಳಂಬಕ್ಕೆ ಬ್ಯಾಂಕೇ ಕಾರಣವಾಗಿದ್ದಲ್ಲಿ, ಅದು ದಿನಕ್ಕೆ 5,000 ರೂಪಾಯಿ ತೆರಬೇಕು.

ನಾನು 31ನೇ ದಿನದಿಂದಲೇ ಎಣಿಸಿ 2,20,000 ರೂಪಾಯಿ ಕೇಳಿದ್ದೆ. ಆದರೆ ಪತ್ರವೇ ಕಳೆದುಹೋದ ಸಂದರ್ಭದಲ್ಲಿ ಬ್ಯಾಂಕಿಗೆ ಇನ್ನೂ 30 ದಿನಗಳ ಅವಕಾಶವಿದೆ (ಕಳೆದವರಿಗೇ ಈ ರಿಯಾಯಿತಿ!), ಆದ್ದರಿಂದ ಎಣಿಕೆ ಆರಂಭವಾಗುವುದು 60 ದಿನಗಳ ನಂತರ. ದೃಢೀಕೃತ ನಕಲು ನನ್ನ ಕೈಸೇರಿದ್ದು 74ನೇ ದಿನ, ಹಾಗಾಗಿ ಸಿಕ್ಕಿದ್ದು 14 ದಿನಗಳ 70,000 ರೂಪಾಯಿ. ಉಪನೋಂದಣಾಧಿಕಾರಿ ಕಚೇರಿಯಿಂದ ಅದನ್ನು ಪಡೆದ ಖರ್ಚನ್ನು, ಸುತ್ತೋಲೆಯಲ್ಲಿರುವಂತೆಯೇ, ಬ್ಯಾಂಕು ಪ್ರತ್ಯೇಕವಾಗಿ ಭರಿಸಿತು.